ಅಜ್ಜಿಯ ರಾಗಿ ಕಲ್ಲಿಗೆ ಮತ್ತೆ ಹಲ್ಲು ಹಾಕಿಸಿದ್ದು, ಹೊಟ್ಟೆಗೆ ನಾರು ಸೇರಿಸಿದ್ದು

ಹಾಸನದಲ್ಲಿ ನನ್ನದೊಂದು ಮೋಟಾರು ರೀವೈಂಡಿಂಗ್ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಏಳೋದು ರಾತ್ರಿ ಎಂಟಕ್ಕೆ. ಪಂಪು ಸುಟ್ಟುಕೊಂಡ ರೈತರು ಬಾಗಿಲಲ್ಲೇ ನಿಂತಿರುತ್ತಾರೆ, ಅಲ್ಲಿ ಬೆಳೆ ಒಣಗುತ್ತಾ ಇರುತ್ತದೆ, ಅಂಥ ಹೊತ್ತಲ್ಲಿ ಊಟ ಅಂದರೆ ಪಕ್ಕದ ಬೇಕರಿಯ ಬನ್ನು, ಎರಡು ಟೀ. ಎರಡು ವರ್ಷ ಹೀಗೇ ನಡೆಯಿತು. ಹೊಟ್ಟೆ ಕಟ್ಟಿಕೊಳ್ಳೋಕೆ ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ. ಹೊಟ್ಟೆ ಸರಿ ಇಲ್ಲದಿದ್ದರೆ ಮನುಷ್ಯನಿಗೆ ಯಾವುದೂ ಸರಿ ಇರಲ್ಲ, ಅನುಭವಿಸಿದವರಿಗೆ ಗೊತ್ತು.

ಡಾಕ್ಟರಿಗೆ ತೋರಿಸಿದೆ. ರಕ್ತ ಹೋಗುತ್ತಾ, ತೂಕ ಸುಮ್ನೆ ಇಳಿದಿದೆಯಾ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ ಅಂತ ಕೇಳಿದರು. ಹೊಟ್ಟೆ ಒತ್ತಿ ನೋಡಿದರು. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿದರು. ಎಲ್ಲಾ ಸರಿ ಇತ್ತು. "ನಾರು ತಿನ್ನಿ, ನೀರು ಕುಡೀರಿ, ಓಡಾಡಿ" ಅಂದರು. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದು ಅನ್ನುವವರು ದಯವಿಟ್ಟು ಇದನ್ನು ಓದುತ್ತಾ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

ನಾರು ತಿನ್ನಿ ಅಂದರು ಸರಿ. ಆದರೆ ಈಗ ಎಷ್ಟು ತಿನ್ನುತ್ತಿದ್ದೇನೆ? ಅಳತೆ ಇಲ್ಲದೆ ನನಗೆ ಕೆಲಸ ಮಾಡಿ ಅಭ್ಯಾಸ ಇಲ್ಲ. ಸುಟ್ಟ ಮೋಟಾರು ಬಿಚ್ಚಿದರೂ ಮೊದಲು ಸುತ್ತು ಎಣಿಸಬೇಕು, ತಂತಿ ತೂಗಬೇಕು. ಅಂಗಡಿಯಲ್ಲಿ ತಾಮ್ರದ ತಂತಿ ತೂಗುವ ಡಿಜಿಟಲ್ ತಕ್ಕಡಿ ಇತ್ತು. ಅದನ್ನು ತೊಳೆದು ಒರೆಸಿ ಮನೆಗೆ ತಂದೆ. ಒಂದು ವಾರ ತಿಂದಿದ್ದೆಲ್ಲಾ ತೂಗಿ ಬರೆದೆ. ಯಾವುದರಲ್ಲಿ ಎಷ್ಟು ನಾರಿದೆ ಅನ್ನೋದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ತಂದಿರುವ ಆಹಾರ ಪಟ್ಟಿ ಇದೆ. ಅದರ ಪ್ರಕಾರ ಪಾಲಿಶ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂಗಿಂತ ಕಡಿಮೆ ನಾರು. ಮೈದಾದಲ್ಲೂ ಅಷ್ಟೇ. ರಾಗಿಯಲ್ಲಿ ಸುಮಾರು 11 ಗ್ರಾಂ. ಕಡಲೆಕಾಳಿನಲ್ಲಿ ಸುಮಾರು 25.

ಇಡ್ಲಿ, ಅನ್ನ, ತಿಳಿಸಾರು, ಬನ್ನು, ರಾತ್ರಿ ಮತ್ತೆ ಅನ್ನ. ಎಲ್ಲಾ ಕೂಡಿದರೆ ದಿನಕ್ಕೆ 15-16 ಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರೋದು ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ, ಅದೂ ಊಟದಿಂದಲೇ ಬರೋ ನಾರು. ನಮ್ಮ ದೇಶದ ಶಿಫಾರಸು 2000 ಕ್ಯಾಲೊರಿ ತಿನ್ನುವವರಿಗೆ ಸುಮಾರು 30. ನಾನು ಅರ್ಧದಲ್ಲಿದ್ದೆ.

ನನಗೆ ಒಂದು ಅರ್ಥವಾಗಲಿಲ್ಲ. ವಾರಕ್ಕೆ ಮೂರು ರಾತ್ರಿ ಮುದ್ದೆ ಇರುತ್ತಲ್ಲ, ಲೆಕ್ಕದಲ್ಲಿ ಆ ದಿನಗಳಾದರೂ ಜಾಸ್ತಿ ಬರಬೇಕಲ್ವಾ? ಹೊಟ್ಟೆಗೇನೋ ಮುದ್ದೆಯ ದಿನವೂ ಒಂದೇ, ಅನ್ನದ ದಿನವೂ ಒಂದೇ. ಒಂದು ದಿನ ಅಡುಗೆಮನೆಯಲ್ಲಿ ನಿಂತು ನೋಡಿದಾಗ ಗೊತ್ತಾಯಿತು. ಪ್ಯಾಕೆಟ್ ಹಿಟ್ಟು ಮೊದಲೇ ಬೆಳ್ಳಗಿತ್ತು. ಅದನ್ನೂ ಅವ್ವ ಸಣ್ಣ ಒಂದರಿಯಲ್ಲಿ ಆಡಿಸಿ, ಮೇಲೆ ಉಳಿದದ್ದನ್ನು ಹೊರಗೆ ಚೆಲ್ಲುತ್ತಿದ್ದರು. ಊರಲ್ಲಿ ಮಿಲ್ಲಿಗೆ ಹಾಕಿಸಿದರೂ ಈಗ ಪಾಲಿಶ್ ಮಾಡಿಯೇ ಬೀಸುತ್ತಾರೆ, ಮುದ್ದೆ ಬೆಳ್ಳಗೆ ಬರಲಿ ಅಂತ. ರಾಗಿ ಕಾಳು ಸಾಸಿವೆಯಷ್ಟು ಸಣ್ಣದು. ಅದರ ನಾರು ಹೆಚ್ಚಾಗಿ ಇರೋದು ಆ ಕೆಂಪು ಸಿಪ್ಪೆಯಲ್ಲಿ. ಪಟ್ಟಿಯಲ್ಲಿರೋ 11 ಗ್ರಾಂ ಇಡೀ ರಾಗಿಯದು, ನನ್ನ ತಟ್ಟೆಗೆ ಬರುತ್ತಿದ್ದದ್ದು ಸಿಪ್ಪೆ ತೆಗೆದ ರಾಗಿ.

ಆಗ ನೆನಪಾದದ್ದು ಅಜ್ಜಿಯ ರಾಗಿ ಕಲ್ಲು.

ಕಲ್ಲು ಎತ್ತಿದ್ದು

ಊರು ಚನ್ನರಾಯಪಟ್ಟಣದ ಕಡೆ. ಮೇಲಿನ ಕಲ್ಲು ಬಚ್ಚಲ ಪಕ್ಕ ಇತ್ತು, ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕೆಳಗಿನದು ತೆಂಗಿನ ಬುಡದಲ್ಲಿ ಅರ್ಧ ಮಣ್ಣಲ್ಲಿ ಹೂತಿತ್ತು. ಅಡ್ಡಗಲ ಒಂದೂವರೆ ಅಡಿ, ಮೇಲಿನದರ ದಪ್ಪ ಮೂರು ಇಂಚು, ತೂಕ ಹತ್ತಿರ ಹತ್ತಿರ 30 ಕೆಜಿ. ಚಿಕ್ಕಪ್ಪನ ಮಗನೂ ನಾನೂ ಸೇರಿ ಎತ್ತಿ ಜಗಲಿಗೆ ತಂದೆವು.

ಮೊದಲು ಮಾಡಬೇಕಾದ್ದು ಬಿರುಕು ಇದೆಯಾ ನೋಡೋದು. ಸಣ್ಣ ಸುತ್ತಿಗೆಯಲ್ಲಿ ಸುತ್ತ ತಟ್ಟಿ. ಒಳ್ಳೆ ಕಲ್ಲು ಠಣ್ ಅನ್ನುತ್ತದೆ, ಒಳಗೆ ಸೀಳಿದ್ದರೆ ಮಂಕು ಶಬ್ದ. ನಮ್ಮದು ಗಟ್ಟಿ ಕರಿಕಲ್ಲು, ಎಲ್ಲಾ ಕಡೆ ಠಣ್ ಅಂತು. (ಬೇಲೂರು ಹಳೇಬೀಡಿನ ದೇವಸ್ಥಾನಗಳ ಬಳಪದ ಕಲ್ಲು ಕೆತ್ತನೆಗೆ ಎಷ್ಟು ಚಂದವೋ ಬೀಸೋದಕ್ಕೆ ಅಷ್ಟು ನಿಷ್ಪ್ರಯೋಜಕ. ಅದು ಮೆದು, ಹಿಟ್ಟಿಗಿಂತ ಮೊದಲು ಕಲ್ಲೇ ಪುಡಿಯಾಗುತ್ತದೆ.) ಸೋಪಿನ ಜಿಡ್ಡು ಹೋಗಲಿ ಅಂತ ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಾಯಿಸಿ, ತೆಂಗಿನ ನಾರಲ್ಲಿ ತಿಕ್ಕಿದೆ. ಮತ್ತೆರಡು ದಿನ ಬಿಸಿಲಿಗಿಟ್ಟೆ.

ನಡುವಿನ ಗೂಟ ಪೂರ್ತಿ ಕೊಳೆತುಹೋಗಿತ್ತು. ಚಾಣದ ಮೂತಿಯಲ್ಲಿ ಕೆದಕಿ ತೆಗೆದೆ. ಇಲ್ಲಿ ಒಂದು ತಪ್ಪು ಮಾಡಿದೆ. ಅಂಗಡಿಯಲ್ಲಿ ಕಬ್ಬಿಣದ ರಾಡು ಇತ್ತು, ಅದನ್ನೇ ಕತ್ತರಿಸಿ ಕೂರಿಸಿದೆ, ಮರಕ್ಕಿಂತ ಗಟ್ಟಿ ಅಲ್ವಾ ಅಂತ. ಹತ್ತು ನಿಮಿಷ ತಿರುಗಿಸುವಷ್ಟರಲ್ಲಿ ರಾಡು ಮೇಲಿನ ಕಲ್ಲಿನ ತೂತಿಗೆ ಉಜ್ಜಿ ಉಜ್ಜಿ ಹಿಟ್ಟಿನಲ್ಲಿ ಕಪ್ಪು ಪುಡಿ ಬಂತು. ತೆಗೆದು ಬಿಸಾಕಿದೆ. ಆಮೇಲೆ ಹುಣಸೆ ಮರದ ಚೇಗು ತಂದು ಗೂಟ ಕೆತ್ತಿದೆ. ಚೆನ್ನಾಗಿ ಒಣಗಿದ ಮರವೇ ಆಗಬೇಕು. ಹಸಿ ಇದ್ದರೆ ಒಂದೇ ತಿಂಗಳಲ್ಲಿ ಕುಗ್ಗಿ ಅಲ್ಲಾಡುತ್ತದೆ. ಬುಡಕ್ಕೆ ನಾಲ್ಕು ಕಡೆ ತೆಳು ಬೆಣೆ ಹೊಡೆದೆ. ಹಿಡಿಗೂಟಕ್ಕೂ ಅದೇ ಮರ.

ಹಲ್ಲು

ಇದಿಷ್ಟು ನನ್ನ ಕೈಲಾಯಿತು. ಆದರೆ ಒಂದು ಹಿಡಿ ರಾಗಿ ಹಾಕಿ ತಿರುಗಿಸಿದರೆ ಅರ್ಧ ಕಾಳು ಹಾಗೇ ಹೊರಗೆ ಬರುತ್ತಿತ್ತು. ಕಲ್ಲು ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಪಕ್ಕದ ಊರಿನಲ್ಲಿ ಇನ್ನೂ ಕಲ್ಲು ಕುಟ್ಟುವ ಒಬ್ಬರು ತಾತ ಇದ್ದಾರೆ. ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ಅಂಗೈಯಿಂದ ಕಲ್ಲು ಸವರಿ ನೋಡಿದರು. "ಹಲ್ಲು ಸವ್ದೋಗವೆ ಕಣಪ್ಪ. ಹಲ್ಲಿಲ್ದಿದ್ ಕಲ್ಲು ಅರಿಯಕಿಲ್ಲ, ಬರೀ ಜಾರ್ಸ್ತದೆ" ಅಂದರು.

ಅವರು ಕೂತು ಕೆಲಸ ಮಾಡಿದ್ದು ಎರಡೂವರೆ ಗಂಟೆ. ನಾನು ಪಕ್ಕದಲ್ಲೇ ಕೂತು ನೋಡಿದೆ. ಚಾಣವನ್ನು ನೆಟ್ಟಗೆ ಹಿಡಿಯೋದಿಲ್ಲ, ಸ್ವಲ್ಪ ಓರೆ. ಸುತ್ತಿಗೆ ಏಟು ಜೋರೂ ಅಲ್ಲ ಮೆಲ್ಲಗೂ ಅಲ್ಲ, ಎಲ್ಲಾ ಏಟೂ ಒಂದೇ ಸಮ. ಒಂದೊಂದು ಏಟಿಗೂ ಎಳ್ಳಿನಷ್ಟು ಗುಳಿ. ನಡುವಿನ ಹತ್ತಿರ ಗುಳಿಗಳು ವಿರಳ, ಅಂಚಿಗೆ ಬರುತ್ತಾ ಬರುತ್ತಾ ಒತ್ತೊತ್ತಾಗಿ. ಕಣ್ಣಿನ, ಅಂದರೆ ಕಾಳು ಹಾಕುವ ತೂತಿನ, ಸುತ್ತ ಕಲ್ಲನ್ನು ಸ್ವಲ್ಪ ತಗ್ಗು ಮಾಡಿದರು, ಕಾಳು ಒಳಗೆ ನುಗ್ಗೋಕೆ ಜಾಗ ಬೇಕು. ನಡುವೆ ಒಡೆದ ಕಾಳು ಹೊರಕ್ಕೆ ಸಾಗುತ್ತಾ ಅಂಚಿನಲ್ಲಿ ಹಿಟ್ಟಾಗುತ್ತದೆ. ಎಂಟುನೂರು ರೂಪಾಯಿ ಕೇಳಿದರು, ಸಾವಿರ ಕೊಟ್ಟೆ. ಆ ಕೈಕೆಲಸಕ್ಕೆ ಅದೂ ಕಡಿಮೆಯೇ.

ಹೋಗುವಾಗ ಒಂದು ಮಾತು ಹೇಳಿದರು, ಕಲ್ಲು ಕುಟ್ಟಿಸಿದವರೆಲ್ಲಾ ನೆನಪಿಡಬೇಕಾದ್ದು. "ಮೊದಲ್ನೇ ಎರಡ್ ಸಲ ಬೀಸಿದ್ದು ನೀವ್ ತಿನ್ಬ್ಯಾಡಿ." ಕಲ್ಲಿನ ಪುಡಿ ಇರುತ್ತದೆ. ನುಚ್ಚಕ್ಕಿ ಎರಡು ಸಲ ಬೀಸಿ ಕೋಳಿಗೆ ಹಾಕಿದೆವು. ಮೂರನೇ ಸಲದ ಹಿಟ್ಟನ್ನು ನಾಲಿಗೆ ಮೇಲಿಟ್ಟು ಹಲ್ಲಿನ ನಡುವೆ ಕಚ್ಚಿ ನೋಡಿದೆ. ಕರಕರ ಅನ್ನಲಿಲ್ಲ. ಆಮೇಲೆ ರಾಗಿ ಹಾಕಿದೆ.

ಎರಡು ಕಲ್ಲಿನ ನಡುವಿನ ಸಂದು ಹಿಟ್ಟು ಎಷ್ಟು ಸಣ್ಣ ಅನ್ನೋದನ್ನು ತೀರ್ಮಾನ ಮಾಡುತ್ತದೆ. ಗೂಟದ ಬುಡಕ್ಕೆ ಹಳೇ ಸೈಕಲ್ ಟ್ಯೂಬಿನಿಂದ ಬಿಲ್ಲೆ ಕತ್ತರಿಸಿ ಹಾಕಿದೆ. ಮೂರು ಬಿಲ್ಲೆ ಹಾಕಿದರೆ ಹುರುಳಿ ಬೇಳೆಯಾಗಿ ಒಡೆಯುತ್ತದೆ, ಎರಡಕ್ಕೆ ರಾಗಿ ತರಿ, ಒಂದಕ್ಕೆ ಹಿಟ್ಟು. ಒಂದು ಕೆಜಿ ರಾಗಿಗೆ ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಿತು, ಈಗ ಅರ್ಧ ಗಂಟೆ.

ಆ ಮೊದಲ ಕೆಜಿಯನ್ನು ಅವ್ವನ ಒಂದರಿಯಲ್ಲಿ ಆಡಿಸಿ ನೋಡಿದೆ, ಎಷ್ಟು ಉಳಿಯುತ್ತೆ ಅಂತ. ತಕ್ಕಡಿಯಲ್ಲಿ 140 ಗ್ರಾಂ ತೋರಿಸಿತು. ಬೆರಳಲ್ಲಿ ಉಜ್ಜಿದರೆ ಟೀಪುಡಿಯ ಹಾಗೆ ಕೆಂಪು ಕೆಂಪು ಚೂರು, ನಡುವೆ ಬಿಳಿ ನುಚ್ಚು, ಮೂಗಿಗೆ ಹಿಡಿದರೆ ಒಳ್ಳೇ ಹುರಿದ ವಾಸನೆ. ಇದನ್ನೇ ನಾವು ವರ್ಷಗಟ್ಟಲೆ ಚೆಲ್ಲಿದ್ದು. ಪ್ಯಾಕೆಟ್ ಹಿಟ್ಟನ್ನು ಅದೇ ಒಂದರಿಯಲ್ಲಿ ಆಡಿಸಿದರೆ ಮೇಲೆ ಉಳಿದದ್ದು ಒಂದು ಚಿಟಿಕೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾರಿಗಾಗಿ ಎಲ್ಲರೂ ಕಲ್ಲು ತಿರುಗಿಸಬೇಕಾಗಿಲ್ಲ. ಮಿಲ್ಲಿನಲ್ಲಿ "ಪಾಲಿಶ್ ಬೇಡ, ಹಾಗೇ ಬೀಸಿ" ಅಂದು, ಮನೆಯಲ್ಲಿ ಒಂದರಿ ಆಡಿಸದೆ ಇದ್ದರೆ ಅಷ್ಟೇ ನಾರು ಸಿಗುತ್ತದೆ. ಕಲ್ಲಿನ ಹಿಟ್ಟು ಸ್ವಲ್ಪ ತರಿ ಇರುತ್ತದೆ ಅನ್ನೋದೊಂದೇ ವ್ಯತ್ಯಾಸ. ಗೋಧಿ ಹೊಟ್ಟಿನ ಮೇಲೆ ಮಾಡಿರುವ ಪರೀಕ್ಷೆಗಳಲ್ಲಿ ದಪ್ಪ ತರಿಯ ಹೊಟ್ಟು ನುಣ್ಣಗೆ ಪುಡಿ ಮಾಡಿದ್ದಕ್ಕಿಂತ ಮಲವನ್ನು ಹೆಚ್ಚು ಮೆದುವಾಗಿ, ಹೆಚ್ಚು ದಪ್ಪವಾಗಿ ಮಾಡಿತ್ತು. ಹೊಟ್ಟೆ ಕಟ್ಟಿಕೊಂಡವನಿಗೆ ಆ ತರಿ ಬೇಕು.

ಆ ಹೊಟ್ಟು ಒಳಗೆ ಹೋಗಿ ಏನಾಗುತ್ತದೆ

ಕಲ್ಲು ಒಣಗುತ್ತಿದ್ದ ದಿನಗಳಲ್ಲಿ ನಾನು ಓದಿದ್ದು ಇದನ್ನೇ. ನಾರು ಪೊರಕೆಯ ಹಾಗೆ ಕರುಳನ್ನು ಗುಡಿಸಿಕೊಂಡು ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಸ್ವಲ್ಪ ಮಟ್ಟಿಗೆ ಅದೂ ನಿಜ. ಆದರೆ ಒಳಗೆ ನಡೆಯೋ ಕೆಲಸ ಅದಕ್ಕಿಂತ ತುಂಬಾ ದೊಡ್ಡದು.

ನಮ್ಮ ದೇಹಕ್ಕೆ ಪಿಷ್ಟ ಕರಗಿಸೋಕೆ ಬರುತ್ತದೆ, ಸಕ್ಕರೆ, ಹಾಲಿನ ಸಕ್ಕರೆ ಕರಗಿಸೋಕೆ ಬರುತ್ತದೆ. ನಾರನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ. ಅದು ಸಣ್ಣ ಕರುಳಲ್ಲಿ ಕರಗದೆ ದೊಡ್ಡ ಕರುಳಿಗೆ ಬಂದು ಬೀಳುತ್ತದೆ. ಅಲ್ಲಿ ಕಾಯುತ್ತಾ ಇರೋದು ಬ್ಯಾಕ್ಟೀರಿಯಾ. ಇಸ್ರೇಲಿನ ವಿಜ್ಞಾನಿಗಳು 2016ರಲ್ಲಿ ಹಾಕಿದ ಅಂದಾಜಿನಂತೆ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಇರೋದು ದೊಡ್ಡ ಕರುಳಲ್ಲಿ. ಅವುಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಥೀಟಾಯೋಟಾಮೈಕ್ರಾನ್ ಅಂತ ಒಂದಿದೆ, ಹೆಸರು ಉದ್ದ, ಆದರೆ ಅದರ ಕೈಚಳಕ ನೋಡಿ: ಬಗೆಬಗೆಯ ಸಸ್ಯದ ನಾರು ಕತ್ತರಿಸೋಕೆ ಅದೊಂದರ ಹತ್ತಿರವೇ 260ಕ್ಕೂ ಹೆಚ್ಚು ಕಿಣ್ವಗಳ ಜೀನು ಇವೆ.

ಅಲ್ಲಿ ನಡೆಯೋದು ದೋಸೆ ಹಿಟ್ಟು ಹುದುಗುವ ಥರದ್ದೇ ಕೆಲಸ. ಡಿಸೆಂಬರಿನಲ್ಲಿ ಹಾಸನದ ಚಳಿಗೆ ಹಿಟ್ಟು ಹುದುಗದೆ ಒಲೆ ಪಕ್ಕ ಇಡುತ್ತೀವಲ್ಲ, ಕರುಳಲ್ಲಿ ಆ ತೊಂದರೆ ಇಲ್ಲ, ವರ್ಷಪೂರ್ತಿ 37 ಡಿಗ್ರಿ. ಗಾಳಿ ಇಲ್ಲದ ಜಾಗ. ನಾರು ಹುದುಗಿ ಮೂರು ಸಣ್ಣ ಆಮ್ಲಗಳು ಬರುತ್ತವೆ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಮೊದಲನೆಯದು ರಕ್ತದ ಜೊತೆ ಮೈಯೆಲ್ಲಾ ಹೋಗುತ್ತದೆ, ಎರಡನೆಯದು ಹೆಚ್ಚಾಗಿ ಯಕೃತ್ತಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯದು. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಪಡೆಯೋದು ಈ ಬ್ಯುಟಿರೇಟಿನಿಂದಲೇ. ಅಂದರೆ ನಾನು ಬನ್ನು ತಿಂದು ಹೊಟ್ಟೆ ತುಂಬಿಸಿಕೊಂಡ ದಿನವೂ ನನ್ನದೇ ಕರುಳಿನ ಗೋಡೆಗೆ ಊಟ ಸರಿಯಾಗಿ ಸಿಕ್ಕಿರುತ್ತಿರಲಿಲ್ಲ.

ಇನ್ನೊಂದು ಓದಿದಾಗ ನಿಜಕ್ಕೂ ಹೆದರಿಕೆಯಾಯಿತು. ಕರುಳಿನ ಗೋಡೆಗೂ ಬ್ಯಾಕ್ಟೀರಿಯಾಕ್ಕೂ ನಡುವೆ ಒಂದು ಲೋಳೆ ಪದರ ಇರುತ್ತದೆ. ಮೋಟಾರಿನ ತಂತಿಗೆ ಎನಾಮಲ್ ಲೇಪ ಇರುವ ಹಾಗೆ. ಲೇಪ ಕಿತ್ತುಹೋದರೆ ತಂತಿಯ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಶಾರ್ಟ್ ಆಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ಬೆಳೆಸಿ, ಅವಕ್ಕೆ ನಾರಿಲ್ಲದ ಆಹಾರ ಕೊಟ್ಟರು. ತಿನ್ನೋಕೆ ಬೇರೆ ಇಲ್ಲದೆ ಬ್ಯಾಕ್ಟೀರಿಯಾಗಳು ಆ ಲೋಳೆಯನ್ನೇ ತಿನ್ನೋಕೆ ಹತ್ತಿದವು. ಪದರ ತೆಳುವಾಯಿತು, ಆಮೇಲೆ ರೋಗಾಣು ಬಿಟ್ಟಾಗ ಆ ಇಲಿಗಳಿಗೆ ಸೋಂಕು ಜೋರಾಗಿ ತಗುಲಿತು. ಇಲಿಯಲ್ಲಿ ಆದದ್ದೆಲ್ಲಾ ಮನುಷ್ಯನಲ್ಲೂ ಹಾಗೇ ಆಗುತ್ತದೆ ಅನ್ನೋಕಾಗಲ್ಲ, ಅದು ನನಗೆ ಗೊತ್ತು. ಆದರೂ ಲೇಪ ಸುಟ್ಟ ತಂತಿ ದಿನಾ ನೋಡೋ ನನಗೆ ಆ ಚಿತ್ರ ಮನಸ್ಸಿನಿಂದ ಹೋಗಲಿಲ್ಲ.

ಮನುಷ್ಯರ ಮೇಲೇ ಮಾಡಿದ್ದೂ ಇದೆ. 2015ರಲ್ಲಿ ಪ್ರಕಟವಾದದ್ದು. ಅಮೆರಿಕದ 20 ಜನ ಕಪ್ಪು ವರ್ಣೀಯರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ. ಎರಡು ವಾರ ಇವರ ಊಟ ಅವರಿಗೆ, ಅವರ ಊಟ ಇವರಿಗೆ. ಅಮೆರಿಕದವರ ನಾರು ದಿನಕ್ಕೆ ಸುಮಾರು 55 ಗ್ರಾಂಗೆ ಏರಿತು, ಹಳ್ಳಿಯವರದ್ದು 66ರಿಂದ 12ಕ್ಕೆ ಇಳಿಯಿತು. ಎರಡೇ ವಾರದಲ್ಲಿ ಅಮೆರಿಕದವರಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟು ಹೆಚ್ಚಿತು, ಕರುಳಿನ ಉರಿಯೂತದ ಗುರುತುಗಳು ಕಡಿಮೆಯಾದವು. ಹಳ್ಳಿಯವರಲ್ಲಿ ಇದೆಲ್ಲಾ ತಿರುಗುಮುರುಗಾಯಿತು. ಎರಡು ವಾರ ಅಷ್ಟೇ!

ಮೊದಲ ವಾರ ಕೆಟ್ಟದ್ದು

ಇಷ್ಟೆಲ್ಲಾ ಓದಿದ ಹುರುಪಿನಲ್ಲಿ ಒಂದೇ ದಿನಕ್ಕೆ 16ರಿಂದ 40 ಗ್ರಾಂಗೆ ಹಾರಿದೆ. ಮಧ್ಯಾಹ್ನ ತರಿ ಹಿಟ್ಟಿನ ಎರಡು ಮುದ್ದೆ, ಹುರುಳಿ ಬಸ್ಸಾರು, ಸಂಜೆ ಒಂದು ಬಟ್ಟಲು ಕಡಲೆಕಾಳು ಉಸಲಿ, ರಾತ್ರಿ ಮತ್ತೆ ಮುದ್ದೆ. ಎರಡನೇ ರಾತ್ರಿ ನಿದ್ದೆ ಇಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತು, ಗುಡುಗುಡು ಸದ್ದು, ವಾಯು. ಮೂರನೇ ದಿನ ಹೊಟ್ಟೆ ಇನ್ನೂ ಕಟ್ಟಿಕೊಂಡಿತು. ನೀರು ಮೊದಲಿನಷ್ಟೇ ಕುಡಿಯುತ್ತಿದ್ದೆ, ಅದೂ ಸೇರಿತು.

ಅವ್ವನಿಗೆ ಬೇರೆ ಬೇಜಾರು. "ತರಿ ತರಿ ಮುದ್ದೆ ಗಂಟಲಲ್ಲಿ ಇಳೀತದಾ ಮಗ? ಮುದ್ದೆ ಅಂದ್ರೆ ಬೆಣ್ಣೆ ಥರ ಇರ್ಬೇಕು." ಅವರ ಮಾತೂ ಸರಿ. ಮುದ್ದೆ ಅಗಿಯೋದಿಲ್ಲ, ನುಂಗೋದು.

ಹೊಟ್ಟೆಯಲ್ಲಿ ಆದದ್ದು ಇಷ್ಟು. ಹುದುಗುವಾಗ ಗಾಳಿ ಬಂದೇ ಬರುತ್ತದೆ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ವರ್ಷಗಟ್ಟಲೆ ಕಡಿಮೆ ನಾರಿನಲ್ಲಿದ್ದ ಕರುಳಿಗೆ ಒಮ್ಮೆಲೇ ರಾಶಿ ಸುರಿದರೆ ಗಾಳಿಯೂ ರಾಶಿ. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅಂತ ಸಕ್ಕರೆ ಇರುತ್ತವೆ, ಅವನ್ನು ಒಡೆಯೋ ಕಿಣ್ವವೂ ನಮ್ಮಲ್ಲಿಲ್ಲ, ಪೂರ್ತಿ ಬ್ಯಾಕ್ಟೀರಿಯಾ ಪಾಲು. ಅಜ್ಜಿ ಹುರುಳಿಯನ್ನು ರಾತ್ರಿಯೆಲ್ಲಾ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಆಮೇಲೆ ಸಾರು ಮಾಡುತ್ತಿದ್ದರು. ನೆನೆಸಿ ನೀರು ಚೆಲ್ಲಿದರೆ ಆ ಸಕ್ಕರೆ ಒಂದಷ್ಟು ನೀರಿನ ಜೊತೆ ಹೋಗುತ್ತದೆ, ಮೊಳಕೆ ಬಂದಾಗ ಕಾಳೇ ಇನ್ನಷ್ಟು ಖರ್ಚು ಮಾಡಿಕೊಳ್ಳುತ್ತದೆ. ನಾನು ಕುಕ್ಕರಿಗೆ ಹಾಗೇ ಹಾಕಿ ಐದು ಸೀಟಿ ಕೂಗಿಸಿದ್ದೆ.

ಎಲ್ಲಾ ನಿಲ್ಲಿಸಿ ಮೂರು ದಿನ ಬಿಟ್ಟು ಮತ್ತೆ ಶುರು ಮಾಡಿದೆ. ಈ ಸಲ ವಾರಕ್ಕೆ 5 ಗ್ರಾಂ ಮಾತ್ರ ಹೆಚ್ಚಿಸಿದೆ. ಮೊದಲ ವಾರ ಬನ್ನಿನ ಬದಲು ಒಂದು ಸೀಬೆಹಣ್ಣು, ಅಷ್ಟೇ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 8 ಗ್ರಾಂ ನಾರು ಇದೆ. ನಮ್ಮ ಹಿತ್ತಲಲ್ಲೇ ಬಿದ್ದು ಹಾಳಾಗುತ್ತಿತ್ತು, ನೆನೆದರೆ ಹೊಟ್ಟೆ ಉರಿಯುತ್ತದೆ. ಎರಡನೇ ವಾರ ಮಧ್ಯಾಹ್ನದ ಅನ್ನ ಅರ್ಧ ಮಾಡಿ ಒಂದು ಸಣ್ಣ ಮುದ್ದೆ. ಮೂರನೇ ವಾರ ಮೊಳಕೆ ಹುರುಳಿ, ಅದೂ ದಿನ ಬಿಟ್ಟು ದಿನ. ನಾಲ್ಕನೇ ವಾರ ದಿನಾ ಒಂದು ಕಟ್ಟು ಸೊಪ್ಪು. ಅಂಗಡಿಯ ಮೇಜಿನ ಮೇಲೆ ಒಂದೂವರೆ ಲೀಟರ್ ನೀರಿನ ಬಾಟಲಿ ಇಟ್ಟು ಮಧ್ಯಾಹ್ನದೊಳಗೆ ಖಾಲಿ ಮಾಡೋದು.

ಮುದ್ದೆಯ ತರಿಗೆ ಪರಿಹಾರ ಅವ್ವನೇ ಕಂಡುಹಿಡಿದರು, ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಹಿಟ್ಟನ್ನು ದೊಡ್ಡ ಕಣ್ಣಿನ ಜರಡಿಯಲ್ಲಿ ಆಡಿಸಿ, ಮೇಲೆ ಉಳಿದ ತರಿಯನ್ನು ಚೆಲ್ಲದೆ ರಾತ್ರಿ ಬಿಸಿನೀರಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಎಸರಿಗೆ ಮೊದಲು ಅದನ್ನು ಹಾಕಿ ಹತ್ತು ನಿಮಿಷ ಕುದಿಸಿ, ಆಮೇಲೆ ಹಿಟ್ಟು ಹಾಕಿ ಕೋಲಲ್ಲಿ ತಿರುವುತ್ತಾರೆ. ತರಿ ಬೆಂದು ಮೆತ್ತಗಾಗಿರುತ್ತದೆ. ಮುದ್ದೆ ಬಣ್ಣ ಕಪ್ಪಾಗಿ ಇರುತ್ತದೆ, ಆದರೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

ಬೀಟ್‌ರೂಟ್ ಪರೀಕ್ಷೆ

ಸರಿಯಾಗುತ್ತಿದೆಯೋ ಇಲ್ಲವೋ ಅಳೆಯೋದು ಹೇಗೆ? ಉಗಾಂಡಾದಲ್ಲಿ ಬಹಳ ವರ್ಷ ಕೆಲಸ ಮಾಡಿದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1972ರಲ್ಲಿ ತನ್ನ ಜೊತೆಗಾರರ ಜೊತೆ ಇದನ್ನೇ ಅಳೆದು ಪ್ರಕಟಿಸಿದ್ದರು. ಜನರಿಗೆ ಸಣ್ಣ ಪ್ಲಾಸ್ಟಿಕ್ ಗುಳಿಗೆ ನುಂಗಿಸಿ, ಅವು ಹೊರಬರೋಕೆ ಎಷ್ಟು ಹೊತ್ತು ಅಂತ ನೋಡಿದರು. ನಾರು ಜಾಸ್ತಿ ತಿನ್ನುವ ಆಫ್ರಿಕಾದ ಹಳ್ಳಿಯವರಲ್ಲಿ ಬೇಗ ಬಂತು, ಮಲದ ತೂಕವೂ ಜಾಸ್ತಿ. ಬ್ರಿಟನ್ನಿನವರಲ್ಲಿ ತಡ, ತೂಕವೂ ಕಡಿಮೆ. ನಾರಿಲ್ಲದ ಊಟಕ್ಕೂ ಅಲ್ಲಿಯ ಕರುಳಿನ ರೋಗಗಳಿಗೂ ಸಂಬಂಧ ಇದೆ ಅಂತ ಜಗತ್ತು ಕಿವಿಗೊಟ್ಟು ಕೇಳಿದ್ದು ಅವರಿಂದ.

ಗುಳಿಗೆ ನನ್ನ ಹತ್ತಿರ ಇಲ್ಲ, ಬೀಟ್‌ರೂಟ್ ಇದೆ. ರಾತ್ರಿ ಎಂಟಕ್ಕೆ ಒಂದು ಬಟ್ಟಲು ಬೀಟ್‌ರೂಟ್ ಪಲ್ಯ ತಿಂದು ಸಮಯ ಬರೆದಿಟ್ಟೆ, ಕೆಂಪು ಬಣ್ಣ ಯಾವಾಗ ಕಾಣುತ್ತೆ ಅಂತ ಕಾದೆ. ಶುರು ಮಾಡುವ ಮೊದಲು ಅಳೆದಾಗ 71 ಗಂಟೆ. ಆರನೇ ವಾರ 38. ಹತ್ತನೇ ವಾರ 33. ಇದು ಒರಟು ಅಳತೆ, ಬಣ್ಣ ಮೊದಲು ಕಂಡದ್ದಷ್ಟೇ ಗೊತ್ತಾಗೋದು. ಆದರೆ ಒಬ್ಬನೇ ಮನುಷ್ಯ, ಒಂದೇ ಪರೀಕ್ಷೆ, ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸೋಕೆ ಸಾಕು. ಬಣ್ಣ ನೋಡಿ ರಕ್ತ ಅಂತ ಗಾಬರಿ ಬೀಳಬೇಡಿ. ಹಿಂದಿನ ಕೆಲವು ದಿನ ಬೀಟ್‌ರೂಟ್ ತಿನ್ನದೆಯೂ ಕೆಂಪು ಕಂಡರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಇದರ ಜೊತೆಗೆ ದಿನಾ ಒಂದು ಅಂಕಿ ಬರೆಯುತ್ತಿದ್ದೆ. ಬ್ರಿಸ್ಟಲ್ ಪಟ್ಟಿ ಅಂತ ಇದೆ, ಮಲದ ರೂಪವನ್ನು 1ರಿಂದ 7ರವರೆಗೆ ಗುರುತಿಸೋದು. 1 ಅಂದರೆ ಆಡಿನ ಹಿಕ್ಕೆ, 7 ಅಂದರೆ ಬರೀ ನೀರು, 3-4 ಒಳ್ಳೆಯದು. ನನ್ನ ಪುಸ್ತಕದಲ್ಲಿ ಮೊದಲ ತಿಂಗಳು 1, 2, ಖಾಲಿ, ಖಾಲಿ, 1. ಮೂರನೇ ತಿಂಗಳು 4, 4, 3, 4. ಡಾಕ್ಟರಿಗೆ ತೋರಿಸಿದಾಗ ಅವರು ಪುಸ್ತಕ ಪೂರ್ತಿ ತಿರುವಿ ನೋಡಿದರು.

ಆಮೇಲೆ ಸೇರಿಸಿದ್ದು

ಆಲೂಗಡ್ಡೆ. ಹಾಸನದವನಾಗಿ ಇದನ್ನು ಬಿಡೋಕಾಗುತ್ತಾ? ಬೇಯಿಸಿದ ಆಲೂಗಡ್ಡೆ ತಣ್ಣಗಾದಾಗ ಅದರ ಪಿಷ್ಟದಲ್ಲಿ ಒಂದು ಭಾಗ ಗಟ್ಟಿಯಾಗಿ, ಸಣ್ಣ ಕರುಳಲ್ಲಿ ಕರಗದ ಹಾಗೆ ಆಗುತ್ತದೆ. ಅದು ನಾರಿನ ಹಾಗೇ ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾಗೆ ಊಟವಾಗುತ್ತದೆ, ಬ್ಯುಟಿರೇಟ್ ಚೆನ್ನಾಗಿ ಬರುತ್ತದೆ. ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗಲ್ಲ. ರಾತ್ರಿ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಪಲ್ಯ ಮಾಡುತ್ತೇವೆ. ಅನ್ನಕ್ಕೂ ಇದೇ ಲೆಕ್ಕ. ಆದರೆ ಅನ್ನವನ್ನು ರಾತ್ರಿಯೆಲ್ಲಾ ಹೊರಗೆ ಹಾಗೇ ಬಿಡಬೇಡಿ, ಅದರಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೇಗ ತಣಿಸಿ ಫ್ರಿಜ್ಜಿಗಿಡಿ.

ಅಂಬಲಿ ಮತ್ತು ಮಜ್ಜಿಗೆ. 2021ರಲ್ಲಿ ಸ್ಟ್ಯಾನ್‌ಫರ್ಡಿನವರು 36 ಜನರ ಮೇಲೆ ಮಾಡಿದ ಅಧ್ಯಯನ ಓದಿ ಇದನ್ನು ಸೇರಿಸಿದೆ. ಅರ್ಧ ಜನಕ್ಕೆ ಹೆಚ್ಚು ನಾರು, ಅರ್ಧ ಜನಕ್ಕೆ ಹುದುಗಿಸಿದ ಆಹಾರ, ಹತ್ತು ವಾರ. ಬ್ಯಾಕ್ಟೀರಿಯಾ ಬಗೆಗಳು ಹೆಚ್ಚಾಗಿದ್ದು, ಉರಿಯೂತ ಇಳಿದದ್ದು ಹುದುಗಿದ್ದನ್ನು ತಿಂದವರಲ್ಲಿ. ನಾರು ತಿಂದವರಲ್ಲಿ ಬಗೆಗಳು ಅಷ್ಟರಲ್ಲಿ ಹೆಚ್ಚಲಿಲ್ಲ, ಅವರಲ್ಲಿ ಫಲ ಒಬ್ಬೊಬ್ಬರಿಗೆ ಒಂದೊಂದು ಥರ. ನಾರೇ ಸರ್ವರೋಗಕ್ಕೂ ಮದ್ದು ಅಂತ ಹೇಳುವವರ ಜೊತೆ ನಾನಿಲ್ಲ, ಈ ಅಧ್ಯಯನವೂ ಅದಕ್ಕೊಂದು ಕಾರಣ. ರಾಗಿ ಹಿಟ್ಟು ರಾತ್ರಿ ಹುಳಿ ಬರಿಸಿ ಬೆಳಿಗ್ಗೆ ಅಂಬಲಿ ಕಾಯಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ ಕುಡಿದರೆ ನಾರೂ ಬಂತು, ಮಜ್ಜಿಗೆಯ ಜೀವಾಣುವೂ ಬಂತು. ಹೊಲಕ್ಕೆ ಹೋಗುವವರು ದಿನಾ ಕುಡಿಯುತ್ತಿದ್ದದ್ದು ಇದನ್ನೇ ತಾನೇ.

ಇಸಬ್‌ಗೋಲ್ ಬಗ್ಗೆ ತುಂಬಾ ಜನ ಕೇಳಿದರು. ಮಲ ಮೆದು ಮಾಡೋಕೆ ಅದು ಒಳ್ಳೆಯದು, ಮೊದಲ ತಿಂಗಳು ನಾನೂ ತೆಗೆದುಕೊಂಡೆ. ಆದರೆ ಅದು ನೀರು ಹಿಡಿದು ಲೋಳೆಯಾಗಿ ಹಾಗೇ ಸಾಗಿಹೋಗುತ್ತದೆ, ಹುದುಗೋದು ಕಡಿಮೆ. ಬ್ಯಾಕ್ಟೀರಿಯಾಗೆ ಅದು ಊಟವಲ್ಲ. ಒಂದೊಂದು ಬ್ಯಾಕ್ಟೀರಿಯಾಗೆ ಒಂದೊಂದು ನಾರು ಇಷ್ಟ, ಅದಕ್ಕೇ ಕಾಳು, ಸೊಪ್ಪು, ಹಣ್ಣು, ಧಾನ್ಯ ಎಲ್ಲಾ ಸ್ವಲ್ಪ ಸ್ವಲ್ಪ ಬೇಕು.

ದೂರದ ಲಾಭದ ಬಗ್ಗೆ ನನಗೆ ಧೈರ್ಯ ಕೊಟ್ಟದ್ದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಪರಿಶೀಲನೆ. 185 ಅಧ್ಯಯನ, 58 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಾರು ಹೆಚ್ಚು ತಿನ್ನುವವರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು, ಟೈಪ್ 2 ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಇವು 15ರಿಂದ 30 ಪ್ರತಿಶತ ಕಡಿಮೆ ಇದ್ದವು. ಹೆಚ್ಚಿನ ಲಾಭ ಕಂಡದ್ದು ದಿನಕ್ಕೆ 25ರಿಂದ 29 ಗ್ರಾಂ ತಿನ್ನುವವರಲ್ಲಿ. ಒಂದು ಮುದ್ದೆ, ಒಂದು ಬಟ್ಟಲು ಕಾಳು, ಒಂದು ಕಟ್ಟು ಸೊಪ್ಪು, ಒಂದು ಸೀಬೆ. ಅಷ್ಟರಲ್ಲೇ ಅಲ್ಲಿಗೆ ಮುಟ್ಟುತ್ತದೆ.

ಈಗಿನ ಸ್ಥಿತಿ

ನಾಲ್ಕು ತಿಂಗಳಾಯಿತು. ನಾನು ದಿನಕ್ಕೆ 32-33 ಗ್ರಾಂನಲ್ಲಿದ್ದೇನೆ. ಮದುವೆ ಮನೆ, ಊರ ಹಬ್ಬ ಅಂತ ವಾರದಲ್ಲಿ ಒಂದು ದಿನ ತಪ್ಪುತ್ತದೆ, ಬೆಳಿಗ್ಗೆಯೇ ಹೊಟ್ಟೆ ಹೇಳುತ್ತದೆ. ಕರುಳಿನ ಬ್ಯಾಕ್ಟೀರಿಯಾ ಊಟ ಬದಲಾದ ಕೆಲವೇ ದಿನಗಳಲ್ಲಿ ಬದಲಾಗುತ್ತವೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ಕಲ್ಲನ್ನು ಹಾಸನದ ಮನೆಗೇ ತಂದಿದ್ದೇನೆ. ಮಾಳಿಗೆ ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿ ಕೂರಿಸಿದೆ, ಇಲ್ಲದಿದ್ದರೆ ಕೆಳಗಿನ ಮನೆಯವರಿಗೆ ಸದ್ದು. ಭಾನುವಾರ ಬೆಳಿಗ್ಗೆ ಎರಡು ಕೆಜಿ ಬೀಸುತ್ತೇವೆ, ಒಂದು ಕಡೆ ನಾನು, ಎದುರಿಗೆ ಹೆಂಡತಿ. ಮಗಳು ಕಲ್ಲಿನ ಕಣ್ಣಿಗೆ ಹಿಡಿ ಹಿಡಿ ರಾಗಿ ಹಾಕುತ್ತಾಳೆ. ಜಾಸ್ತಿ ಸುರಿದರೆ ಕಲ್ಲು ಎತ್ತಿಕೊಂಡು ತರಿ ದಪ್ಪ ಬರುತ್ತದೆ ಅಂತ ಈಗ ಅವಳಿಗೇ ಗೊತ್ತು. ಹುಣಸೆ ಗೂಟದ ಒಂದು ಬೆಣೆ ಮತ್ತೆ ಸಡಿಲವಾಗಿದೆ, ಕಳೆದ ವಾರದಿಂದ ಕಲ್ಲು ಒಂದು ಪಕ್ಕಕ್ಕೆ ವಾಲಿ ತಿರುಗುತ್ತಿದೆ. ಈ ಶನಿವಾರ ಬಿಚ್ಚಿ ಹೊಸ ಬೆಣೆ ಹೊಡೆಯಬೇಕು. ತಾತ ಹೇಳಿದ ಪ್ರಕಾರ ದಿನಾ ಬೀಸದಿದ್ದರೆ ಹಲ್ಲು ಇನ್ನು ಒಂದು ವರ್ಷ ಬರುತ್ತವೆ.